ಹತ್ತನೆಯ ಬಡವ

ಹೈ ಮೊಹಮ್ಮದಿ, ಕಾಸಾಬ್ಲಾಂಕಾ
12 ಅಕ್ಟೋಬರ್ 2014

ಬತೂಲ್‌ಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಕಾಗದ ನೋಡಿ ಅಪ್ಪ ಸೋತ ಎಂದುಕೊಳ್ಳಬೇಡ. ಎರಡು ವರ್ಷದ ಹಿಂದೆ ಫೆಜ್‌ನ ನಮ್ಮ ಕಾರ್ಖಾನೆಯಲ್ಲಿ, ಮೂವರು ಸಾಕ್ಷಿಗಳ ಎದುರಿಗೆ ನಾನು ಆಣೆ ಮಾಡಿದ್ದು ಎರಡೇ ವಿಷಯಕ್ಕೆ. ನಿನ್ನೊಂದಿಗೆ ಮಾತಾಡುವುದಿಲ್ಲ, ನೀನು ಓಡಿಸುವ ಟ್ರಾಮಿಗೆ ಕಾಲಿಡುವುದಿಲ್ಲ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಆಣೆ ಇರುವುದು ನಾಲಿಗೆಗೆ ಮತ್ತು ಕಾಲಿಗೆ. ಕೈಗೆ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಐನ್ ದಿಯಾಬ್ ಕಡೆಯ ಒಂದು ಸಣ್ಣ ಮಸೀದಿಯನ್ನು ದುರಸ್ತಿ ಮಾಡುತ್ತಿದ್ದಾರೆ. ಕೈಕಾಲು ತೊಳೆಯುವ ಕಾರಂಜಿಯ ಗೋಡೆಗೆ ಬಣ್ಣದ ಬಿಲ್ಲೆ ಕೂರಿಸಲು ನನ್ನನ್ನು ಕರೆಸಿದ್ದಾರೆ. ಡಿಸೆಂಬರ್ ಇಪ್ಪತ್ತರವರೆಗೆ ಕೆಲಸ. ಕೋಣೆ ಕೊಟ್ಟಿರುವುದು ಊರಿನ ಈ ತುದಿಯಲ್ಲಿ, ಕೆಲಸ ಆ ತುದಿಯಲ್ಲಿ. ನಡುವೆ ಇರುವುದು ಊರೋ ಸಮುದ್ರವೋ ನನಗಿನ್ನೂ ತಿಳಿದಿಲ್ಲ.

ನಿನಗೆ ಗೊತ್ತು, ನಾನು ಫೆಜ್‌ನಲ್ಲಿ ಕಣ್ಣು ಮುಚ್ಚಿಕೊಂಡು ಮನೆ ಸೇರುತ್ತೇನೆ. ತಾಮ್ರ ಬಡಿಯುವ ಸದ್ದು ಕೇಳಿದರೆ ಎಡಕ್ಕೆ, ಚರ್ಮದ ನಾತ ಬಂದರೆ ಬಲಕ್ಕೆ, ದಾರಿ ತಪ್ಪಿದರೆ ಇಳಿಜಾರು ಹಿಡಿದರಾಯಿತು, ಹೊಳೆ ಸಿಗುತ್ತದೆ. ಈ ಊರಿಗೆ ಇಳಿಜಾರೂ ಇಲ್ಲ, ಗೋಡೆಯೂ ಇಲ್ಲ. ಮೊದಲ ದಿನ ಕೆಂಪು ಟ್ಯಾಕ್ಸಿ ನಿಲ್ಲಿಸಿ, "ಸಮುದ್ರದ ಪಕ್ಕದ ಮಸೀದಿಗೆ ಬಿಡಪ್ಪಾ" ಎಂದೆ. ನನ್ನ ಪ್ರಕಾರ ಅದು ಸರಿಯಾದ ಗುರುತು. ಅವನು ಏನನ್ನೂ ಕೇಳಲಿಲ್ಲ. ನೇರವಾಗಿ ಕರೆದುಕೊಂಡು ಹೋಗಿ ದೊಡ್ಡ ಮಸೀದಿಯ ಮುಂದೆ ಇಳಿಸಿದ.

ಅಯ್ಯೋ ಮಗಳೇ! ಅದರ ಗೋಪುರ ನೋಡಲು ತಲೆ ಎತ್ತಿದೆ, ಟೋಪಿ ಬಿತ್ತು. ಅದನ್ನು ಎತ್ತಿಕೊಳ್ಳುವುದೂ ಮರೆತುಹೋಯಿತು. ಕೆಳಗೆ ಅಲೆ ಬಂದು ಕಟ್ಟಡದ ಕಾಲಿಗೆ ಬಡಿಯುತ್ತಿತ್ತು. ನೀನು ಹುಟ್ಟಿದ ವರ್ಷ ಇದೇ ಮಸೀದಿಗೆಂದು ನಮ್ಮ ಕಾರ್ಖಾನೆಯಲ್ಲಿ ಎಂಟು ತಿಂಗಳು ಹಸಿರು ಬಿಲ್ಲೆಯ ನಕ್ಷತ್ರ ಕತ್ತರಿಸಿದ್ದೆವು. ಲಾರಿ ಬಂದು ಬುಟ್ಟಿಗಳನ್ನು ಒಯ್ಯುತ್ತಿತ್ತು. ಯಾವ ಗೋಡೆಗೆ ಹೋದವು, ಹೇಗೆ ಕಂಡವು, ನಾನು ಒಂದು ದಿನವೂ ನೋಡಿರಲಿಲ್ಲ. ಅವತ್ತು ಮಧ್ಯಾಹ್ನದವರೆಗೆ ಗೋಡೆ ಗೋಡೆ ಹುಡುಕಿದೆ. ಕಾವಲಿನವನು ಬಂದು, "ಏನಜ್ಜಾ, ಏನಾದ್ರೂ ಕಳ್ಕೊಂಡ್ರಾ?" ಎಂದ. "ಕಳ್ಕೊಂಡಿಲ್ಲ ಕಣೋ, ಇಪ್ಪತ್ತೈದು ವರ್ಷದ ಹಿಂದೆ ಕಳ್ಸಿದ್ದೆ, ಬಂತೋ ಇಲ್ವೋ ನೋಡ್ತಿದೀನಿ" ಎಂದೆ. ಬಂದಿದ್ದವು ಬತೂಲ್. ನನ್ನ ಉಳಿಯ ಏಟು ನನಗೆ ಗೊತ್ತಾಗುವುದಿಲ್ಲವೇ? ಆ ನಕ್ಷತ್ರದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟೆ. ಕೆಲಸಕ್ಕೆ ಮುಟ್ಟಿದಾಗ ಮೂರು ಗಂಟೆ, ಗುತ್ತಿಗೆದಾರ ಬಾಯಿಗೆ ಬಂದಂತೆ ಬೈದ.

ನಿನ್ನ ವಿಳಾಸ ಕೊಟ್ಟವಳು ನಿನ್ನ ಅಮ್ಮ. "ದಾರಿ ಮಗಳನ್ನ ಕೇಳಿ, ಊರೆಲ್ಲ ಸುತ್ತೋಳು ಅವಳೇ ತಾನೇ" ಎಂದು ರಹ್ಮಾ ಫೋನಿನಲ್ಲಿ ಚುಚ್ಚಿದಳು. ಹಾಗಾಗಿ ದಾರಿ ಬರೆದು ತಿಳಿಸು. ಉತ್ತರವನ್ನು ಹೈ ಮೊಹಮ್ಮದಿ ಟ್ರಾಮ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯ ಲಹಸೆನ್ ಹತ್ತಿರ ಕೊಡು. ದಾರಿ ಮಾತ್ರ ಬರೆದರೆ ಸಾಕು.

ನಿನ್ನ ತಂದೆ,
ತಾಮಿ

*

ಸಿದಿ ಮೂಮೆನ್
15 ಅಕ್ಟೋಬರ್ 2014

ಅಪ್ಪಾ,

ನಿಮ್ಮ ಅಕ್ಷರ ನೋಡಿ ಎರಡು ಸಲ ಕಣ್ಣೊರೆಸಿಕೊಂಡೆ. ಒಂದು ಸಲ ಅತ್ತು, ಇನ್ನೊಂದು ಸಲ ನಕ್ಕು. ಈ ಊರಿನಲ್ಲಿ ಸಮುದ್ರದ ಪಕ್ಕದ ಮಸೀದಿ ಎಂದು ಕೇಳಿ ಇನ್ನೆಲ್ಲಿಗೋ ಹೋಗುತ್ತೇನೆ ಎಂದುಕೊಂಡವರು ನೀವೊಬ್ಬರೇ ಇರಬೇಕು. ಆ ಗೋಡೆಯ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ. ನಿಮ್ಮ ನಕ್ಷತ್ರ ಯಾವುದು ಎಂದು ನನಗೆ ತೋರಿಸುವವರಿರಲಿಲ್ಲ.

ದಾರಿ ಮಾತ್ರ ಕೇಳಿದ್ದೀರಿ. ಸರಿ, ದಾರಿ ಮಾತ್ರ.

ಬಿಳಿ ಟ್ಯಾಕ್ಸಿ ಹಿಡಿಯಬಹುದು. ಅದಕ್ಕೆ ಗೊತ್ತಾದ ಹಾದಿ ಇರುತ್ತದೆ, ಬೇರೆಡೆಗೆ ತಿರುಗುವುದಿಲ್ಲ. ದೂರದಿಂದಲೇ ಬೆರಳನ್ನು ಮುಂದಕ್ಕೆ ಚಾಚಿ ತೋರಿಸಿ, ನೇರ ಹೋಗುವವರು ಎಂದು ಡ್ರೈವರ್‌ಗೆ ತಿಳಿಯುತ್ತದೆ. ಮುಂದಿನ ಸೀಟಿನಲ್ಲಿ ಇಬ್ಬರು, ಹಿಂದೆ ನಾಲ್ವರು. ಹಿಂದೆ ಕೂತರೆ ನಡುವೆ ಕೂರಬೇಡಿ. ಮಾರಿಫ್‌ನಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಎಲ್ಲಿಯೂ ರಸ್ತೆಯ ಹೆಸರು ಕೇಳಬೇಡಿ. ಫಲಕದಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಮುಚ್ಚಿಹೋದ ಸಿನಿಮಾ ಮಂದಿರ, ಕೆಡವಿದ ಸಾಬೂನು ಕಾರ್ಖಾನೆ, ಇಂಥವನ್ನು ಕೇಳಿದರೆ ಎಲ್ಲರೂ ತೋರಿಸುತ್ತಾರೆ.

ಎಲ್ಲಕ್ಕಿಂತ ಸುಲಭ ಟ್ರಾಮ್. ನಿಮ್ಮ ಕೋಣೆಯ ಎದುರು ಹತ್ತಿದರೆ ಸಮುದ್ರದ ಮುಂದೆ ಇಳಿಸುತ್ತದೆ. ಸಿಟ್ಟಾಗಬೇಡಿ, ಪೂರ್ತಿ ಓದಿ. ನೂರಾರು ಜನ ಓಡಿಸುತ್ತಾರೆ, ಎಲ್ಲವೂ ನನ್ನದಲ್ಲ. ಬೆಳಿಗ್ಗೆ ನಾನು ನಿಮ್ಮ ನಿಲ್ದಾಣಕ್ಕೆ ಬರುವುದು ಏಳು ಗಂಟೆ ಹನ್ನೆರಡು ನಿಮಿಷಕ್ಕೆ. ಅದೊಂದನ್ನು ಬಿಟ್ಟು ಹಿಂದಿನದಕ್ಕೋ ಮುಂದಿನದಕ್ಕೋ ಹತ್ತಿದರೆ ನಿಮ್ಮ ಆಣೆಗೆ ಏನೂ ಆಗುವುದಿಲ್ಲ. ಸಂಜೆ ನಾನಿರುವುದಿಲ್ಲ. ಪಾಳಿ ಬದಲಾದರೆ ತಿಳಿಸುತ್ತೇನೆ.

ಹೊಟ್ಟೆಗೆ ಏನು ಮಾಡಿಕೊಳ್ಳುತ್ತಿದ್ದೀರಿ? ಇದು ದಾರಿಯ ವಿಷಯವಲ್ಲ, ಉತ್ತರ ಬರೆಯದಿದ್ದರೂ ನಡೆದೀತು.

ನಿಮ್ಮ ಮಗಳು,
ಬತೂಲ್

*

ಹೈ ಮೊಹಮ್ಮದಿ
26 ಅಕ್ಟೋಬರ್ 2014

ಬತೂಲ್‌ಗೆ,

ನಾನು ನಡುವೆಯೇ ಕೂತೆ. ಬೇರೆ ಜಾಗ ಇರಲಿಲ್ಲ. ಒಂದು ಕಡೆ ಹುಂಜ ಹಿಡಿದುಕೊಂಡ ಹೆಂಗಸು, ಇನ್ನೊಂದು ಕಡೆ ಬಾಗಿಲಿನಷ್ಟು ಅಗಲದ ಗಂಡಸು. ಡ್ರೈವರ್ ತಿರುಗಿ ನೋಡಿ, "ಅಜ್ಜಾ, ಸ್ವಲ್ಪ ಉಸಿರು ಒಳಗೆ ಎಳ್ಕೊಳ್ಳಿ, ಬಾಗ್ಲು ಹಾಕ್ಬೇಕು" ಎಂದ. "ಎಷ್ಟೊತ್ತು ಇಟ್ಕೊಂಡಿರ್ಲಿ?" "ಮಾರಿಫ್ ಬರೋ ತನಕ!" ಎಲ್ಲರೂ ನಕ್ಕರು, ಹುಂಜ ಮಾತ್ರ ನಗಲಿಲ್ಲ. ಅದು ನನ್ನ ಕೈ ಕುಕ್ಕಿತು. ಅಂಥ ಪ್ರಯಾಣ ನಾಲ್ಕು ದಿನ ಮಾಡಿದೆ, ಸಾಕಾಯಿತು.

ಐದನೆಯ ದಿನ ಟ್ರಾಮ್ ಹತ್ತಿದೆ. ಏಳು ಹನ್ನೆರಡರದ್ದಲ್ಲ, ಏಳೂವರೆಯದು. ಮೊದಲು ಕಿಟಕಿಯಿಂದ ಬಗ್ಗಿ ನೋಡಿ ಓಡಿಸುವವನು ಗಂಡಸೇ ಎಂದು ಖಾತ್ರಿ ಮಾಡಿಕೊಂಡೇ ಕಾಲಿಟ್ಟೆ.

ನಿನಗೆ ಅಭ್ಯಾಸವಾಗಿ ಹೋಗಿರಬಹುದು, ಆದರೂ ಹೇಳುತ್ತೇನೆ. ಹೊರಟದ್ದೇ ತಿಳಿಯಲಿಲ್ಲ. ನಾವು ನಿಂತೇ ಇದ್ದೇವೆ, ಅಂಗಡಿ ಬೀದಿಗಳೇ ಎದ್ದು ಹೊರಟಿವೆ ಎನ್ನಿಸಿತು. ಬಾಲ್ಕನಿಗಳು, ಬಟ್ಟೆ ಒಣಹಾಕಿದ ಹಗ್ಗಗಳು, ಮೀನು ಬುಟ್ಟಿ, ಶಾಲೆಗೆ ಹೋಗುವ ಹುಡುಗಿಯರು, ಒಂದಾದ ಮೇಲೊಂದು ಗಾಜಿಗೆ ಹತ್ತಿರ ಬಂದು ಹೋದವು. ಊರಿನ ನಡುವಿನ ದೊಡ್ಡ ಚೌಕದಲ್ಲಿ ಸಾವಿರ ಜನ ಹಳಿಯ ಮೇಲೇ ನಡೆಯುತ್ತಿದ್ದರು. ನಾನು ಕಂಬಿ ಹಿಡಿದುಕೊಂಡೆ. ಅವನು ಗಂಟೆ ಬಾರಿಸಿದ, ಒಂದೇ ಸಲ. ಯಾರೂ ಓಡಲಿಲ್ಲ, ಯಾರೂ ಬೈಯಲಿಲ್ಲ, ಜನ ಮಾತಾಡುತ್ತಲೇ ಎರಡು ಪಾಲಾಗಿ ಸರಿದರು, ನಾವು ನಡುವೆ ಹೋದೆವು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿದ್ದ ವಿದ್ಯಾರ್ಥಿ, "ಕೂತ್ಕೊಳ್ಳಿ ಅಜ್ಜಾ" ಎಂದು ಎದ್ದ. "ಕೂತ್ರೆ ಕಾಣ್ಸಲ್ಲ ಮಗಾ, ನೀನೇ ಕೂತ್ಕೋ" ಎಂದೆ.

ಕೊನೆಗೆ ಸಮುದ್ರ ಬಂತು. ಇಡೀ ಗಾಜಿನ ತುಂಬ ಬಂತು. ನನಗೆ ಅರವತ್ತೆರಡು ವರ್ಷ. ಇಷ್ಟು ದಿನ ಇದು ಹೀಗೆ ಇಲ್ಲೇ ಇತ್ತಲ್ಲ, ನಾನು ಎಲ್ಲಿದ್ದೆ ಎನ್ನಿಸಿತು.

ಒಂದು ಮಾತು ಕೇಳುತ್ತೇನೆ, ಕೆಲಸದ ವಿಷಯವಾಗಿ. ಓಡಿಸುವವನ ಬೆನ್ನ ಹಿಂದೆ ಮುನ್ನೂರು, ನಾನೂರು ಜನ ಇರುತ್ತಾರೆ. ಅದು ಅವನಿಗೆ ಕೆಲಸದ ಹೊತ್ತಿನಲ್ಲಿ ನೆನಪಿರುತ್ತದೆಯೇ? ಹೆದರಿಕೆಯಾಗುವುದಿಲ್ಲವೇ? ಏಳೂವರೆಯವನ ಕೈ ಬಿರುಸು, ನಿಲ್ಲಿಸುವಾಗ ಕುಲುಕುತ್ತಾನೆ. ನುರಿತ ಕಸುಬುದಾರನೆಂದು ನನ್ನನ್ನು ಮಾಲೆಮ್ ಎನ್ನುವ ಅಂಗಡಿಯ ಲಹಸೆನ್, ನಾನು ಕೇಳದೆಯೇ ಹೇಳಿದ: "ಏಳು ಹನ್ನೆರಡರಲ್ಲಿ ಚಹಾ ಲೋಟ ಹಿಡ್ಕೊಂಡು ಕೂತ್ರೂ ತುಳುಕಲ್ಲ, ಮಾಲೆಮ್." ಅವನನ್ನು ಯಾರು ಕೇಳಿದ್ದರು?

ಊಟಕ್ಕೆ ತೊಂದರೆಯಿಲ್ಲ. ಮೀನು ಚೆನ್ನಾಗಿ ಸಿಗುತ್ತದೆ.

ತಾಮಿ

*

ಸಿದಿ ಮೂಮೆನ್
8 ನವೆಂಬರ್ 2014

ಅಪ್ಪಾ,

ನೆನಪಿರುತ್ತದೆ. ಒಂದು ಕ್ಷಣವೂ ಮರೆಯುವುದಿಲ್ಲ. ಹೆದರಿಕೆಯೂ ಆಗುತ್ತದೆ, ಹೆದರಿಕೆ ಇದ್ದವರನ್ನೇ ಕೆಲಸಕ್ಕೆ ಆರಿಸುತ್ತಾರೆ.

ಈಗ ನಾನು ಕೇಳುತ್ತೇನೆ. ಹತ್ತು ದಿನದಿಂದ ಏಳು ಹನ್ನೆರಡಕ್ಕೆ ಹೈ ಮೊಹಮ್ಮದಿ ನಿಲ್ದಾಣದ ಮೂರನೆಯ ಕಂಬದ ಹತ್ತಿರ ಕಂದು ನಿಲುವಂಗಿ ತೊಟ್ಟು ನಿಲ್ಲುತ್ತಿರುವವರು ಯಾರು? ನಾನು ಸಮಯ ಬರೆದುಕೊಟ್ಟಿದ್ದು ತಪ್ಪಿಸಿಕೊಳ್ಳಲಿ ಎಂದು. ನೀವು ಆ ಸಮಯಕ್ಕೇ ಬಂದು ನಿಲ್ಲುತ್ತೀರಿ. ನನ್ನನ್ನು ನೋಡುತ್ತೀರಿ. ನಾನು ನೋಡಿದರೆ ನಿಲ್ದಾಣದ ಗಡಿಯಾರ ನೋಡುತ್ತೀರಿ. ಹತ್ತುವುದಿಲ್ಲ.

ಬಾಗಿಲು ತೆರೆದಿರುವುದು ಇಪ್ಪತ್ತು ಸೆಕೆಂಡ್. ನಾನು ಕ್ಯಾಬಿನ್ ಬಿಟ್ಟು ಇಳಿಯುವ ಹಾಗಿಲ್ಲ, ಕೂಗುವ ಹಾಗಿಲ್ಲ, ಕೈ ಬೀಸುವ ಹಾಗೂ ಇಲ್ಲ. ಇಪ್ಪತ್ತು ಸೆಕೆಂಡ್ ಕಳೆದ ಮೇಲೆ ನನ್ನ ಕೈಯಿಂದಲೇ ಬಾಗಿಲು ಮುಚ್ಚಬೇಕು, ನಿಮ್ಮನ್ನು ಅಲ್ಲಿಯೇ ಬಿಟ್ಟು ಹೊರಡಬೇಕು. ದಿನಾ. ಮೊದಲ ದಿನ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನಿನ್ನೆ ಮುಂದಿನ ನಿಲ್ದಾಣದವರೆಗೂ ಕಣ್ಣು ಮಂಜಾಗಿತ್ತು. ನನ್ನ ಹಿಂದೆ ನಾನೂರು ಜನರಿದ್ದರು ಅಪ್ಪಾ. ಕಣ್ಣು ಮಂಜಾಗುವ ಹಾಗಿಲ್ಲ.

ನನಗೆ ಸಿಟ್ಟು ಬಂದಿದೆ. ಎರಡು ವರ್ಷ ನೀವು ಮಾತು ಬಿಟ್ಟಿರಿ, ಸಹಿಸಿಕೊಂಡೆ. ನಾನು ಹಬ್ಬಕ್ಕೆ ಮನೆಗೆ ಬಂದಾಗ ನನ್ನ ತಟ್ಟೆಗೆ ಮಾಂಸ ಹಾಕಲು ಅಮ್ಮನಿಗೆ ಹೇಳಿದಿರೇ ಹೊರತು ನನಗೆ ತಗೋ ಎನ್ನಲಿಲ್ಲ, ಅದನ್ನೂ ಸಹಿಸಿಕೊಂಡೆ. ಇದು ಆಗುವುದಿಲ್ಲ. ಹತ್ತಿ, ಇಲ್ಲವೇ ಬರಬೇಡಿ.

ಬತೂಲ್

*

ಹೈ ಮೊಹಮ್ಮದಿ
11 ನವೆಂಬರ್ 2014

ಬತೂಲ್,

ನಾಳೆಯಿಂದ ಬರುವುದಿಲ್ಲ. ನಿನ್ನ ಕೆಲಸಕ್ಕೆ ಅಡ್ಡಿಯಾದದ್ದು ನನ್ನ ತಪ್ಪು. ಬಸ್ಸಿನಲ್ಲಿ ಹೋಗುತ್ತೇನೆ.

ಹತ್ತದಿರುವುದೇಕೆ ಎಂಬುದಕ್ಕೆ ಉತ್ತರ ಕೊಡಬೇಕಲ್ಲ. ಆಣೆ ಮಾಡಿದ ದಿನ ಕಾರ್ಖಾನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ಒಬ್ಬ, "ತಾಮಿ ಮಗ್ಳು ಗಾಡಿ ಹೊಡೀತಾಳಂತೆ, ಇನ್ನು ತಾಮಿ ಮನೇಲಿ ಕೂತು ರೊಟ್ಟಿ ತಟ್ಟೋದೇ" ಎಂದ. ಇನ್ನೊಬ್ಬ, "ಹೆಂಗಸ್ರ ಕೈಗೆ ಕೊಟ್ರೆ ಜನ ಮನೆ ಮುಟ್ಟಿದ ಹಾಗೇ" ಎಂದ. ನಗು ನಿಲ್ಲಲೇ ಇಲ್ಲ. ನನಗೆ ನಾಚಿಕೆಯಾಯಿತು. ಅಷ್ಟೇ ಬತೂಲ್, ಧರ್ಮವೂ ಅಲ್ಲ, ನಿನ್ನ ಕ್ಷೇಮವೂ ಅಲ್ಲ, ನಾಚಿಕೆ. ಎದ್ದು ನಿಂತು ದೇವರಾಣೆ ಎಂದುಬಿಟ್ಟೆ.

ಇಲ್ಲಿನ ಇಮಾಮರನ್ನು ಕೇಳಿದೆ. ನನಗಿಂತ ಚಿಕ್ಕವರು, ಒಳ್ಳೆಯವರು. "ಒಳ್ಳೇದಕ್ಕೆ ಅಡ್ಡ ಬರೋ ಆಣೆ ಮುರಿಯೋದೇ ಸರಿ, ಮಾಲೆಮ್. ಹತ್ತು ಜನ ಬಡವರಿಗೆ ಹೊಟ್ಟೆ ತುಂಬ ಊಟ ಹಾಕಿ, ಮಗಳ ಜೊತೆ ಮಾತಾಡಿ, ದೇವರು ಕ್ಷಮಿಸ್ತಾನೆ" ಎಂದರು. ದೇವರು ಕ್ಷಮಿಸುತ್ತಾನೆ, ಆ ಮೂವರು ಸಾಕ್ಷಿಗಳು ಕ್ಷಮಿಸುತ್ತಾರೆಯೇ? ನಲವತ್ತೈದು ವರ್ಷದಿಂದ ಮಾಲೆಮ್ ತಾಮಿ ಹೇಳಿದ ದಿನಕ್ಕೆ ಗೋಡೆ ಮುಗಿಯುತ್ತದೆ ಎನ್ನುತ್ತಾರೆ. ನನ್ನ ಮಾತು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ?

ಆದರೆ ನಾನು ನೋಡಿದ್ದನ್ನು ಹೇಳಿಬಿಡುತ್ತೇನೆ. ಅಷ್ಟು ಉದ್ದದ ಟ್ರಾಮ್ ತಿರುವಿನಲ್ಲಿ ಬಳುಕಿ ಬರುತ್ತದೆ. ಮುಂದಿನ ಗಾಜಿನೊಳಗೆ ನೀನು ಒಬ್ಬಳೇ, ಬೆನ್ನು ನೇರ, ಕಣ್ಣು ಅತ್ತಿತ್ತ ಅಲುಗುವುದಿಲ್ಲ. ನಿನ್ನ ಕೈ ಒಂದಿಷ್ಟು ಹಿಂದಕ್ಕೆ ಬಂತು, ಅಷ್ಟು ದೊಡ್ಡದು ಗೆರೆ ಎಳೆದ ಜಾಗದಲ್ಲಿ ನಿಂತಿತು. ಹತ್ತೂ ದಿನ ಅದೇ ಗೆರೆ, ಒಂದು ಬೆರಳಿನ ವ್ಯತ್ಯಾಸವಿಲ್ಲ. ನಾನು ಕೆಲಸದವನು, ನನಗೆ ಕೈ ನೋಡಲು ಬರುತ್ತದೆ.

ಇನ್ನು ಬರೆಯುವುದಿಲ್ಲ.

ತಾಮಿ

*

ಹೈ ಮೊಹಮ್ಮದಿ
9 ಡಿಸೆಂಬರ್ 2014

ಮಗಳೇ ಬತೂಲ್,

ನಾನು ಅಂಗಡಿಯ ಲಹಸೆನ್. ನಾನು ಬರೆದೆ ಎಂದು ನಿಮ್ಮಪ್ಪನಿಗೆ ತಿಳಿಯುವುದು ಬೇಡ. ನಿನ್ನಿಂದ ಕಾಗದವೇ ಬರುತ್ತಿಲ್ಲ, ನನಗೂ ಓದಲು ಏನೂ ಇಲ್ಲದಂತಾಗಿದೆ. ತಮಾಷೆಗೆ ಹೇಳಿದೆ, ನಾನು ಒಂದನ್ನೂ ಬಿಡಿಸಿ ಓದಿಲ್ಲ.

ಕಳೆದ ವಾರ ನನ್ನ ಅಂಗಡಿಯ ಮುಂದೆ ಒಬ್ಬ ಗಿರಾಕಿ ಸಿಗರೇಟು ಹಚ್ಚುತ್ತಾ, "ಇವತ್ತು ಟ್ರಾಮ್ ಎರಡು ನಿಮಿಷ ತಡ. ಹೆಂಗಸ್ರ ಕೈಗೆ ಕೊಟ್ರೆ ಇಷ್ಟೇ, ಜನ ಮನೆ ಮುಟ್ಟಿದ ಹಾಗೇ" ಎಂದ. ಮೂಲೆಯಲ್ಲಿ ಎಣ್ಣೆ ಕೊಳ್ಳುತ್ತಿದ್ದ ನಿಮ್ಮಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದರು! "ಏನಂದೆ? ಇನ್ನೊಂದ್ಸಲ ಅನ್ನು! ನೀನು ನಿನ್ನ ಸೈಕಲ್ಲನ್ನ ಒಂದು ಗೆರೆ ಮೇಲೆ ನಿಲ್ಸಿ ತೋರ್ಸು ನೋಡೋಣ!" ಬಿಡಿಸುವಷ್ಟರಲ್ಲಿ ಎಣ್ಣೆ ಸೀಸೆ ಬಿದ್ದು ಒಡೆಯಿತು. ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತು ತೋಳಿಗೆ ಸಿಡಿದ ಎಣ್ಣೆ ಒರೆಸಿಕೊಂಡರು. "ಲಹಸೆನ್, ಎರಡು ವರ್ಷದ ಹಿಂದೆ ಇದೇ ಮಾತಿಗೆ ನಾನು ಕೈ ಎತ್ತಲಿಲ್ಲ ಕಣಯ್ಯ" ಎಂದರು. ಆಮೇಲೆ, "ನಿನ್ನ ಹೆಂಡ್ತಿ ಹತ್ತು ಜನಕ್ಕೆ ಕುಸ್ಕುಸ್ ಮಾಡ್ತಾಳಾ?" ಎಂದು ಕೇಳಿದರು.

ಶುಕ್ರವಾರ ನಮಾಜಿನ ನಂತರ ಊಟ ಹಾಕಿದೆವು. ಏಳು ತರಕಾರಿ, ಕುರಿ ಮಾಂಸ, ಏನೂ ಕಡಿಮೆಯಿರಲಿಲ್ಲ. ಹತ್ತು ಜನ ಉಂಡು ಹರಸಿ ಎದ್ದರು. ಕೈ ತೊಳೆಯುವಾಗ ನನ್ನ ಹೆಂಡತಿ ಒಬ್ಬನನ್ನು ಗುರುತು ಹಿಡಿದಳು. ಅವನಿಗೆ ಹಿಂದಿನ ಬೀದಿಯಲ್ಲಿ ಎರಡು ಅಂತಸ್ತಿನ ಮನೆಯಿದೆ, ಕೆಳಗಿನದನ್ನು ಬಾಡಿಗೆಗೆ ಬಿಟ್ಟಿದ್ದಾನೆ. ಪರಿಮಳಕ್ಕೆ ಬಂದು ಕೂತುಬಿಟ್ಟಿದ್ದ! "ಹೋಗ್ಲಿ ಬಿಡಿ, ದೇವರು ಲೆಕ್ಕ ನೋಡ್ತಾನಾ" ಎಂದೆ. ನಿಮ್ಮಪ್ಪ ಒಪ್ಪಲಿಲ್ಲ. "ಒಂಬತ್ತಾಯ್ತು. ಒಂಬತ್ತಕ್ಕೆ ಆಣೆ ಬಿಡಲ್ಲ."

ಅವತ್ತಿನಿಂದ ಹತ್ತನೆಯ ಬಡವನನ್ನು ಹುಡುಕಿಕೊಂಡು ಊರು ಸುತ್ತುತ್ತಿದ್ದಾರೆ. ಕೆಲಸ ಬಿಟ್ಟ ಮೇಲೆ ಒಂದೊಂದು ಸಂಜೆ ಒಂದೊಂದು ಕಡೆ, ಬಂದರು, ಹಳೇ ಮದೀನಾ ಪೇಟೆ, ದರ್ಬ್ ಸುಲ್ತಾನ್. ಈಗ ಅವರಿಗೆ ಗೊತ್ತಿಲ್ಲದ ಬಸ್ಸಿಲ್ಲ. ಆದರೆ ಈ ಸಲ ಮೋಸ ಹೋಗಬಾರದು ಎಂದು ಮೊದಲೇ ಕೇಳುತ್ತಾರಂತೆ: "ಕ್ಷಮ್ಸಿ, ನೀವು ಬಡವರೇ?" ಕಾಸಾಬ್ಲಾಂಕಾದವರನ್ನು ಹಾಗೆ ಕೇಳುವುದುಂಟೇ ಮಗಳೇ? ಬೂಟ್ ಪಾಲಿಶ್ ಮಾಡುವವನು, "ಬಡವ ನಿನ್ನಪ್ಪ!" ಎಂದು ಬ್ರಷ್ ಎತ್ತಿದನಂತೆ. ಕಾರು ಕಾಯುವವನು, "ನನ್ನ ಮಗ ಇಟಲೀಲಿದಾನೆ, ಹುಷಾರ್" ಎಂದನಂತೆ. ನಿನ್ನೆ ರಾತ್ರಿ ಬಂದು, "ಎಂಥಾ ಊರಪ್ಪಾ ಇದು! ನಲವತ್ತು ಲಕ್ಷ ಜನ, ಒಬ್ನೂ ಬಡವ ಇಲ್ಲ!" ಎಂದು ಬೆರಗಾಗಿ ಕೂತರು.

ಅವರು ಹೊರಡಲು ಇನ್ನು ಹನ್ನೊಂದು ದಿನ ಇದೆ. ನೀನು ಏಳು ಹನ್ನೆರಡನ್ನು ಬಿಡಬೇಡ.

ನಿನ್ನ ಕ್ಷೇಮ ಕೋರುವ,
ಲಹಸೆನ್

*

ಸಿದಿ ಮೂಮೆನ್
14 ಡಿಸೆಂಬರ್ 2014

ಅಮ್ಮಾ,

ನಿನ್ನೆ ಫೋನಿನಲ್ಲಿ ನಾನು ಬರೀ ಅಳುತ್ತಿದ್ದೆ, ನೀನು ಗಾಬರಿಯಾದೆ. ಯಾರಿಗೂ ಏನೂ ಆಗಿಲ್ಲ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ನಿನ್ನೆ ಶನಿವಾರ ಬೆಳಿಗ್ಗೆ ಅಪ್ಪ ನಿಲ್ದಾಣದ ಪಕ್ಕದ ಗಾಡಿಯಲ್ಲಿ ಅವರೆಬೇಳೆ ಗಂಜಿ ಕುಡಿಯಲು ನಿಂತಿದ್ದರಂತೆ. ಪಕ್ಕದಲ್ಲಿ ಪುದೀನ ಮೂಟೆ ಇಳಿಸಿಕೊಂಡು ಒಬ್ಬಳು ಅಜ್ಜಿ ಕೂತಿದ್ದಳು, ಹದ್ದಾ ಎಂದು ಹೆಸರು. ಅಪ್ಪನಿಗೆ ಆ ಹೊತ್ತಿಗೆ ಕೇಳುವ ಧೈರ್ಯವೇ ಉಡುಗಿಹೋಗಿತ್ತು. ಆದರೂ ಮೆಲ್ಲಗೆ ಕೇಳಿದರು. ಅವಳು ಇಡೀ ಬೀದಿಗೆ ಕೇಳುವಂತೆ, "ಹೂಂ, ಬಡವಿ! ಗಂಡ ಇಲ್ಲ, ಮನೆ ಇಲ್ಲ, ಈ ಮೂಟೆ ಬಿಟ್ರೆ ಏನೂ ಇಲ್ಲ. ಹೇಳೋಕೆ ನಾಚ್ಕೆ ಏನು? ನಾನೇನು ಕದ್ದಿದೀನಾ? ಯಾಕೆ, ಊಟ ಕೊಡಿಸ್ತೀಯಾ? ಕೊಡ್ಸು ಮತ್ತೆ!" ಎಂದಳಂತೆ. ಅಪ್ಪ ಮೂರು ಬಟ್ಟಲು ಗಂಜಿ, ರೊಟ್ಟಿ, ಮೊಟ್ಟೆ, ಸಾಕು ಎನ್ನುವವರೆಗೂ ಕೊಡಿಸಿದರು. ಇದನ್ನೆಲ್ಲ ಆಮೇಲೆ ಹದ್ದಾ ಅಜ್ಜಿಯೇ ನನಗೆ ಹೇಳಿದ್ದು.

ನಾನು ಏಳು ಹನ್ನೆರಡಕ್ಕೆ ಹೋದೆ. ಮೂರನೆಯ ಕಂಬದ ಹತ್ತಿರ ಕಂದು ನಿಲುವಂಗಿ. ನಾನು ಈ ಸಲ ನೋಡಬಾರದು ಎಂದುಕೊಂಡೆ. ಬಾಗಿಲು ತೆರೆದೆ. ಕನ್ನಡಿಯಲ್ಲಿ ಮೊದಲು ಪುದೀನ ಮೂಟೆ ಒಳಗೆ ಬಂತು, ಆಮೇಲೆ ಅಜ್ಜಿ. ಅಪ್ಪ ಅಂಚಿನಲ್ಲಿ ನಿಂತೇ ಇದ್ದರು. ಹದಿನೆಂಟು, ಹತ್ತೊಂಬತ್ತು ಎಂದು ಎಣಿಸುತ್ತಿದ್ದೆ. ಕೈ ಗುಂಡಿಯ ಮೇಲಿತ್ತು. ಅಮ್ಮಾ, ಆಗ ಅವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲನ್ನು ಒಳಗಿಟ್ಟರು!

ನನ್ನ ಬೆನ್ನ ಹಿಂದಿನ ಗಾಜಿನ ಹತ್ತಿರವೇ ಬಂದು ನಿಂತರು. ಚಾಲಕರೊಂದಿಗೆ ಮಾತಾಡಬಾರದು ಎಂದು ಅಲ್ಲಿ ದಪ್ಪಕ್ಷರದಲ್ಲಿ ಬರೆದಿದೆ. ಅಪ್ಪ ಅದನ್ನು ಓದಿ ತಲೆಯಾಡಿಸಿದ್ದು ಕಂಡಿತು. ಎರಡು ವರ್ಷದ ಆಣೆ ತೀರಿಸಿಕೊಂಡು ಬಂದವರಿಗೆ ಇನ್ನೂ ಮಾತಾಡುವ ಹಾಗಿಲ್ಲ. ನಾನೂ ತಿರುಗುವ ಹಾಗಿಲ್ಲ. ಹೊರಟೆ.

ಎರಡು ನಿಲ್ದಾಣ ಹೋಗಿರಬೇಕು. ಕನ್ನಡಿಯಲ್ಲಿ ನೋಡಿದರೆ ಅಪ್ಪನ ಬಾಯಿ ಆಡುತ್ತಿದೆ. ಗಾಜು ದಪ್ಪ, ನನಗೆ ಏನೂ ಕೇಳಿಸುವುದಿಲ್ಲ. ಹದ್ದಾ ಅಜ್ಜಿ ತಿರುಗಿ ನನ್ನ ಕಡೆ ನೋಡಿದಳು. ಆಮೇಲೆ ಪಕ್ಕದ ವಿದ್ಯಾರ್ಥಿನಿ ತಲೆ ಎತ್ತಿ ನೋಡಿದಳು. ಅಪ್ಪ ಕೈ ಚಾಚಿ ನನ್ನನ್ನು ತೋರಿಸುತ್ತಿದ್ದರು. ಮುಂದಿನ ನಿಲ್ದಾಣದಲ್ಲಿ ಹತ್ತಿದವರಿಗೂ ತೋರಿಸಿದರು. ಸೂಟು ತೊಟ್ಟವರು, ಮಗು ಎತ್ತಿಕೊಂಡವರು, ಕಿವಿಯಲ್ಲಿ ಹಾಡು ಹಾಕಿಕೊಂಡ ಹುಡುಗರು, ಒಬ್ಬೊಬ್ಬರಾಗಿ ಕ್ಯಾಬಿನ್ ಕಡೆ ತಿರುಗಿದರು. ದೊಡ್ಡ ಚೌಕ ದಾಟುವ ಹೊತ್ತಿಗೆ ಕನ್ನಡಿಯ ತುಂಬ ಮುಖಗಳೇ ಇದ್ದವು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ನಾನು ಗಂಟೆ ಬಾರಿಸಿದೆ, ಹಳಿ ನೋಡುತ್ತಾ ಓಡಿಸಿದೆ. ಕಣ್ಣು ಮಂಜಾಗಲು ಬಿಡಲಿಲ್ಲ, ಅಮ್ಮಾ. ಹೇಗೆ ಬಿಡದೆ ಇದ್ದೆನೋ ನನಗೇ ಗೊತ್ತಿಲ್ಲ.

ಐನ್ ದಿಯಾಬ್‌ನಲ್ಲಿ ಎಲ್ಲರೂ ಇಳಿದರು. ಕೆಲವರು ನನ್ನ ಕಿಟಕಿ ತಟ್ಟಿ ಹರಸಿ ಹೋದರು. ಹದ್ದಾ ಅಜ್ಜಿ ಗಂಜಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಒಂದು ಕಂತೆ ಪುದೀನವನ್ನು ನನ್ನ ಕೈಗೆ ತುರುಕಿ, "ದಾರಿಯುದ್ದಕ್ಕೂ ನಿಮ್ಮಪ್ಪ ನನ್ನ ತಲೆ ತಿಂದ, ಮಾರಾಯ್ತಿ" ಎಂದು ಹೋದಳು. ಇನ್ನೊಂದು ತುದಿಯ ಕ್ಯಾಬಿನ್‌ಗೆ ಹೋಗಲು ನನಗೆ ಉಳಿದದ್ದು ಮೂರು ನಿಮಿಷ. ಇಳಿದೆ. ಅಪ್ಪ ಎದುರಿಗೆ ನಿಂತಿದ್ದರು, ಚಪ್ಪಲಿ ಇನ್ನೂ ಕೈಯಲ್ಲೇ. ಊರಿಗೆಲ್ಲ ಹೇಳಿದವರಿಗೆ ನನ್ನ ಮುಂದೆ ಮಾತು ಹೊರಡಲಿಲ್ಲ.

ಕೊನೆಗೆ ಮಾತಾಡಿದರು. ಮಗಳೇ ಎನ್ನಲಿಲ್ಲ. ಕ್ಷಮಿಸು ಎನ್ನಲಿಲ್ಲ. ನಮ್ಮ ಕಾರ್ಖಾನೆಯ ಬಾಗಿಲಲ್ಲಿ ಹಾದುಹೋಗುವ ಒಬ್ಬ ಮಾಲೆಮ್, ಒಳಗೆ ಕೆಲಸ ಮಾಡುತ್ತಿರುವ ಇನ್ನೊಬ್ಬ ಮಾಲೆಮ್‌ಗೆ ಹೇಳುತ್ತಾನಲ್ಲ, ಹಾಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿ ಹೇಳಿದರು:

"ದೇವರು ನಿಮ್ಮ ಕೈಗೆ ಬಲ ಕೊಡ್ಲಿ, ಮಾಲೆಮ್."

ನಿನ್ನ,
ಬತೂಲ್